ಮೊಕುಸೋ ಹೊತ್ತಿಗೆ ಎಣ್ಣೆಗಾಯಿ ನೆನಪಾಗುತ್ತದೆ, ಏನು ಮಾಡಲಿ?

ರೊಟ್ಟಿ ಅಕ್ಕ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಗಬೇಡಿ. ನನಗೆ 41 ವರ್ಷ. ನವನಗರದಲ್ಲಿ ಸಣ್ಣ ಖಾನಾವಳಿ ನಡೆಸುತ್ತೇನೆ. ದಿನಕ್ಕೆ 200 ರೊಟ್ಟಿ ಬಡಿಯುವುದು ನನ್ನ ಕೆಲಸ. ಮಗಳನ್ನು ಕರಾಟೆ ಕ್ಲಾಸಿಗೆ ಬಿಡಲು ಹೋದವಳು, ಒಂದು ಗಂಟೆ ಹೊರಗೆ ಸುಮ್ನೆ ಕೂರುವ ಬದಲು ನಾನೂ ಸೇರಿಕೊಂಡೆ. ಎರಡು ವರ್ಷ ಆಯಿತು. ಈಗ ಹಸಿರು ಬೆಲ್ಟ್. ಮಗಳದು ನೇರಳೆ, ಅದನ್ನು ಅವಳು ದಿನಾ ನೆನಪಿಸುತ್ತಾಳೆ.

ಕತಾ, ಅಂದರೆ ಒಬ್ಬರೇ ಮಾಡುವ ವರಸೆಗಳ ಸರಣಿ, ಪರವಾಗಿಲ್ಲ, ಮೂರನೆಯದಾದ ಹೆಯಾನ್ ಸಾಂದನ್‌ವರೆಗೆ ಬರುತ್ತದೆ. ತೊಂದರೆ ಇರುವುದು ಮೊಕುಸೋದಲ್ಲಿ. ಕ್ಲಾಸಿನ ಶುರುವಿಗೂ ಕೊನೆಗೂ ಹಿಮ್ಮಡಿ ಮೇಲೆ ಕೂತು ಕಣ್ಣು ಮುಚ್ಚುತ್ತೇವಲ್ಲ, ಅದು. ಸರ್ "ಮನಸ್ಸು ಖಾಲಿ ಮಾಡಿ" ಅನ್ನುತ್ತಾರೆ. ಖಾಲಿ ಮಾಡಲು ಹೊರಟ ತಕ್ಷಣ ನಾಳೆಯ ಎಣ್ಣೆಗಾಯಿ, ಮುಗಿದು ಹೋದ ಗುರೆಳ್ಳು, ಗ್ಯಾಸ್ ಸಿಲಿಂಡರ್, ತಿಂಗಳ ದುಡ್ಡು ಕೊಡದ ಹಾಸ್ಟೆಲ್ ಹುಡುಗ, ಎಲ್ಲ ಪಾಳಿ ಹಚ್ಚಿ ನಿಲ್ಲುತ್ತವೆ. ಬೇರೆ ಹೊತ್ತಿನಲ್ಲಿ ಇಷ್ಟು ಚೆನ್ನಾಗಿ ನೆನಪಾಗುವುದೇ ಇಲ್ಲ!

ಇನ್ನೊಂದು, ಕುಮಿತೆ, ಇಬ್ಬರು ಎದುರುಬದುರು ನಿಂತು ಸೆಣಸುವುದು. ಕಳೆದ ತಿಂಗಳು ಕ್ಲಾಸಿನೊಳಗೇ ನಡೆದ ಪಂದ್ಯದಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವಳ ಎದುರು ನಿಂತಿದ್ದೆ. ಅವಳ ಮವಾಶಿ ಗೇರಿ (ಬದಿಯಿಂದ ಸುತ್ತಿ ಬರುವ ಒದೆತ) ಜೋರು ಅಂತ ಗೊತ್ತಿತ್ತು. ಹಾಗಾಗಿ ಬಲಗಾಲನ್ನೇ ನೋಡುತ್ತಿದ್ದೆ. ಕಾಲು ಸ್ವಲ್ಪ ಅಲ್ಲಾಡಿತು, ನಾನು ಕೈ ಎತ್ತಿದೆ, ಬಂದದ್ದು ಗ್ಯಾಕು ಜುಕಿ, ಹಿಂದಿನ ಕೈಯ ಗುದ್ದು, ನೇರ ಹೊಟ್ಟೆಗೆ. ಮೂರು ಸಲ ಇದೇ. ಮನೆಗೆ ಬರುವ ದಾರಿಯಲ್ಲಿ ಮಗಳು "ಅವ್ವ, ಕಂಬದ ಹಂಗ ನಿಂತಿದ್ದಿ" ಅಂದಳು.

ಸರ್ ಹೇಳುವುದು ಒಂದೇ: ಮುಶಿನ್, ಮುಶಿನ್. ಮನಸ್ಸಿಲ್ಲದ ಮನಸ್ಸಂತೆ. ಜಪಾನಿನ ಬೌದ್ಧರ ಜೆನ್ ಧ್ಯಾನದಿಂದ ಬರುತ್ತದಂತೆ. ಒಂದು ನಿಮಿಷ ಕಣ್ಣು ಮುಚ್ಚಿದರೆ ಬರುವಂಥದ್ದಾ ಇದು? ಮಾಡಿ ನೋಡಿದವರು ಹೇಳಿ. ಯೂಟ್ಯೂಬ್ ಲಿಂಕ್ ಬೇಡ.

ಕೌದಿ ಮೇಲೆ ಕೂತವ, ಬೆಳಗಾವಿ

ಅಕ್ಕಾ, ಒಂದು ನಿಮಿಷಕ್ಕೆ ಬರುವುದಿಲ್ಲ. ಮೊಕುಸೋ ಇರುವುದು ರಸ್ತೆಯ ಗಲಾಟೆ ಬಿಟ್ಟು ಒಳಗೆ ಬಂದೆ ಅಂತ ಮೈಗೆ ತಿಳಿಸಲು. ಜೆನ್‌ನವರು ಕೂರುವ ಜಾಜೆನ್ ಬೇರೆ. ಅಲ್ಲಿ ಒಮ್ಮೆ ಕೂತರೆ ಅರ್ಧ ಗಂಟೆ, 40 ನಿಮಿಷ.

ನಾನು ಕರಾಟೆಗೆ ಸೇರಿ 22 ವರ್ಷ. ಮೊದಲ ಹತ್ತು ವರ್ಷ ಮೊಕುಸೋದಲ್ಲಿ ತೂಕಡಿಸಿದವನೇ. ಆಮೇಲೆ ಮನೆಯಲ್ಲಿ ಕೂರಲು ಶುರು ಮಾಡಿದೆ. ಅಜ್ಜಿ ಹೊಲಿದ ಕೌದಿಯನ್ನು ಮಡಚಿ ಕೆಳಗೆ ಹಾಕಿಕೊಂಡೆ, ಜಪಾನಿನ ದಿಂಬು ನಮಗೆಲ್ಲಿ ಸಿಗಬೇಕು. ಮಂಡಿ ಎರಡೂ ನೆಲಕ್ಕೆ. ಬೆನ್ನು ನೆಟ್ಟಗೆ. ಬಲ ಅಂಗೈ ಮೇಲೆ ಎಡ ಅಂಗೈ, ಹೆಬ್ಬೆರಳ ತುದಿಗಳು ಮೆತ್ತಗೆ ತಾಗಿರಬೇಕು. ಮನಸ್ಸು ಎಲ್ಲೋ ಹೋಯಿತು ಅಂದರೆ ಹೆಬ್ಬೆರಳು ಕುಸಿದಿರುತ್ತವೆ, ಅದೇ ಚಾಡಿ ಹೇಳುತ್ತದೆ. ಕಣ್ಣು ಮುಚ್ಚಬಾರದು. ಅರ್ಧ ತೆರೆದು, ಒಂದು ಮೀಟರ್ ಮುಂದಿನ ನೆಲದ ಮೇಲೆ ಬಿಡಬೇಕು. ನನ್ನ ಅಜ್ಜಿ ಇಷ್ಟಲಿಂಗ ಪೂಜೆಗೆ ಕೂತಾಗ ಎಡ ಅಂಗೈಯ ಲಿಂಗವನ್ನು ಅರೆಗಣ್ಣಲ್ಲೇ ನೋಡುತ್ತಿದ್ದಳು. ಚಿಕ್ಕವನಿದ್ದಾಗ ಅಜ್ಜಿಗೆ ನಿದ್ದೆ ಬಂದಿದೆ ಅಂದುಕೊಂಡು ಸಕ್ಕರೆ ಡಬ್ಬಿಗೆ ಕೈ ಹಾಕಿದೆ. ಪೂಜೆ ಮುಗಿದ ಮೇಲೆ ಕಿವಿ ಹಿಂಡಿದಳು. ಅವಳಿಗೆ ಎಲ್ಲ ಕಂಡಿತ್ತು.

ಉಸಿರು ಬಿಡುವಾಗ ಎಣಿಸುವುದು, ಒಂದರಿಂದ ಹತ್ತು. ತಪ್ಪಿದರೆ ಬೈದುಕೊಳ್ಳದೆ ಮತ್ತೆ ಒಂದು. ಸುಲಭ ಅನ್ನಿಸುತ್ತದೆ ಅಲ್ವಾ? ಮೊದಲ ತಿಂಗಳು ನಾನು ನಾಲ್ಕು ದಾಟಲಿಲ್ಲ. ಒಮ್ಮೆ ಎಚ್ಚರವಾದಾಗ ಇಪ್ಪತ್ತಾರರಲ್ಲಿದ್ದೆ. ಎಣಿಕೆ ತನ್ನಷ್ಟಕ್ಕೆ ನಡೆದಿತ್ತು, ನಾನೇ ಇರಲಿಲ್ಲ. ನಿಮ್ಮ ಎಣ್ಣೆಗಾಯಿ ಬರಲಿ ಬಿಡಿ. ಓಡಿಸಬೇಡಿ. ಅದರ ಹಿಂದೆ ಗುರೆಳ್ಳು ತರಲು ಪೇಟೆಗೆ ಮಾತ್ರ ಹೋಗಬೇಡಿ.

ನೀವು ಕಂಬದ ಹಾಗೆ ನಿಂತದ್ದಕ್ಕೆ ಜಪಾನಿಯಲ್ಲಿ ಹೆಸರೇ ಇದೆ, ಇತ್ಸುಕಿ. ಮನಸ್ಸು ಒಂದು ಕಡೆ ಕೂತುಬಿಟ್ಟರೆ ಕಾಲೂ ಅಲ್ಲೇ ಅಂಟಿಕೊಳ್ಳುತ್ತವೆ. ತಾಕುವಾನ್ ಸೋಹೋ (1573-1645) ಅನ್ನುವ ಜೆನ್ ಸನ್ಯಾಸಿ ಇದ್ದ. ದೇಶ ಆಳುವ ಸೇನಾಧಿಪತಿ ಶೋಗುನ್‌ಗೆ ಕತ್ತಿವರಸೆ ಕಲಿಸುತ್ತಿದ್ದ ಯಾಗ್ಯು ಮುನೆನೋರಿಗೆ ಇದನ್ನೇ ಬರೆದು ಕಳಿಸಿದ. ನಮ್ಮ ಬೌದ್ಧರ ಅವಲೋಕಿತೇಶ್ವರ ಅಲ್ಲಿ ಸಾವಿರ ಕೈಗಳ ಕನ್ನೋನ್. ಬಿಲ್ಲು ಹಿಡಿದ ಒಂದು ಕೈ ಮೇಲೆ ಮನಸ್ಸು ನಿಂತರೆ ಉಳಿದ 999 ಕೈ ದಂಡ, ಅಂದ. ಎದುರಾಳಿಯ ಕತ್ತಿಯ ಮೇಲೆ ಮನಸ್ಸಿಟ್ಟರೆ ಕತ್ತಿಯಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮದು ಬಲಗಾಲಲ್ಲಿ ಸಿಕ್ಕಿಬಿತ್ತು. ಅವನು ಅಲ್ಲಾಡದ ಮನಸ್ಸು ಅಂದದ್ದು ಕಲ್ಲಿನ ಹಾಗೆ ಬಿದ್ದಿರುವ ಮನಸ್ಸಿಗಲ್ಲ, ಎಲ್ಲೂ ಸಿಕ್ಕಿಕೊಳ್ಳದೆ ಓಡಾಡುವ ಮನಸ್ಸಿಗೆ. ನನಗೆ ಇದು ತಲೆಗೆ ಹೋಗಲು ವರ್ಷಗಳೇ ಬೇಕಾದವು.

ಎದುರಾಳಿಯನ್ನು ದೂರದ ಬೆಟ್ಟ ನೋಡಿದ ಹಾಗೆ ನೋಡು ಅನ್ನುವುದು ಜಪಾನಿನ ಹಳೆಯ ಮಾತು. ನಾನು ಯಳ್ಳೂರಿನ ರಾಜಹಂಸಗಡ ನೆನೆಸಿಕೊಳ್ಳುತ್ತೇನೆ. ಗುಡ್ಡ ನೋಡುವಾಗ ಯಾರೂ ಒಂದು ಕಲ್ಲು ಹಿಡಿದು ನೋಡುವುದಿಲ್ಲ. ಅವಳ ಎದೆಯ ಕಡೆ ಕಣ್ಣಿಡಿ. ಕೈಕಾಲು ತಾವೇ ಕಾಣುತ್ತವೆ.

ಪಿಸುಮಾತಿನ ಗುಮ್ಮಟ, ವಿಜಯಪುರ

ಸ್ವಲ್ಪ ಅಡ್ಡಮಾತು. ಕರಾಟೆ ಜೆನ್ ಮಠದಿಂದ ಬಂದದ್ದಲ್ಲ. ಅದು ಓಕಿನಾವಾ ದ್ವೀಪದ್ದು, ಚೀನಾದ ಪ್ರಭಾವ ಜಾಸ್ತಿ. ಅಲ್ಲಿನ ಕರಾಟೆ ಗುರು ಫುನಾಕೋಶಿ ಅದನ್ನು ಟೋಕಿಯೋದಲ್ಲಿ ತೋರಿಸಿದ್ದು 1922ರಲ್ಲಿ. 'ಕರ' ಅನ್ನುವುದನ್ನು ಮೊದಲು ಚೀನಾ ಅನ್ನುವ ಅರ್ಥದ ಅಕ್ಷರದಲ್ಲಿ ಬರೆಯುತ್ತಿದ್ದರು. ಅದೇ ಉಚ್ಚಾರದ, 'ಬರಿದು' ಅನ್ನುವ ಅರ್ಥದ ಅಕ್ಷರ ಗಟ್ಟಿಯಾದದ್ದು 1930ರ ದಶಕದಲ್ಲಿ. ಬೌದ್ಧ ಗುರು ಬೋಧಿಧರ್ಮ ಚೀನಾದ ಮಠವಾದ ಶಾವೊಲಿನ್‌ನಲ್ಲಿ ಕುಂಗ್‌ಫು ಕಲಿಸಿದ ಅನ್ನುವ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಜೆನ್ ಅನ್ನುವ ಪದ ಮಾತ್ರ ನಮ್ಮ ಧ್ಯಾನವೇ. ಚೀನಾದಲ್ಲಿ ಚಾನ್ ಆಗಿ, ಜಪಾನಿಗೆ ಹೋಗಿ ಜೆನ್ ಆಯಿತು.

ಮತ್ತೆ, ಶಾಂತ ಮನಸ್ಸೆಲ್ಲ ಒಳ್ಳೆಯ ಮನಸ್ಸು ಅಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಎಷ್ಟೋ ಜೆನ್ ಗುರುಗಳು ಸೈನ್ಯದ ಬೆನ್ನಿಗೆ ನಿಂತಿದ್ದರು. ಯಾರಾದರೂ ಮುಶಿನ್ ಅಂದಾಗ ನಾನು ಪೂರ್ತಿ ಕರಗುವುದಿಲ್ಲ.

ಕೆಂಪುಮಣ್ಣು, ಗೋಕಾಕ

ನಾನು ಕುಸ್ತಿಯವನು. ನಮ್ಮ ಗರಡಿಯಲ್ಲಿ ಧ್ಯಾನ ಅನ್ನುವ ಪದವೇ ಕೇಳಿಲ್ಲ. ಹನುಮಪ್ಪನಿಗೆ ಕೈ ಮುಗಿದು ಮಣ್ಣು ಮೈಗೆ ಹಚ್ಚಿಕೊಳ್ಳುವಾಗ "ಉಸಿರು ಉದ್ದ ಬಿಡು" ಅನ್ನುತ್ತಿದ್ದರು ಉಸ್ತಾದರು, ಅಷ್ಟೇ. ಉಸಿರು ಬಿಡುವಾಗ ಎದೆಬಡಿತ ನಿಧಾನ ಆಗುತ್ತದೆ, ಎಳೆಯುವಾಗ ಚುರುಕಾಗುತ್ತದೆ. ನಾಡಿ ಹಿಡಿದು ನೋಡಿ. ಅಂದಹಾಗೆ, ಮಂಡಿ ನೋವಿದ್ದರೆ ಹಿಮ್ಮಡಿ ಮೇಲೆ ಕೂರುವ ಹಟ ಬೇಡ. ಕುರ್ಚಿ ಮೇಲೂ ನಡೆಯುತ್ತದೆ.

ರೊಟ್ಟಿ ಅಕ್ಕ, ಬಾಗಲಕೋಟೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಬೆಳಗ್ಗೆ ನಾಲ್ಕೂವರೆಗೆ, ಒಲೆ ಹಚ್ಚುವ ಮುಂಚೆ, ಹದಿನೈದು ನಿಮಿಷ ಕೂರುತ್ತೇನೆ. ಕೌದಿ ನಮ್ಮಲ್ಲೂ ಇತ್ತು. ಇಲ್ಲಿಯವರೆಗೆ ಏಳು ಮುಟ್ಟಿದ್ದೇನೆ. ಎಂಟರ ಹತ್ತಿರ ಹೋಗುವಾಗ "ಈ ಸಲ ಎಂಟು" ಅಂತ ಖುಷಿಯಾಗುತ್ತದೆ, ಅಲ್ಲಿಗೆ ಕೆಡುತ್ತದೆ.

ತಮಾಷೆ ಕೇಳಿ. ರೊಟ್ಟಿ ಬಡಿಯುವಾಗ ನನ್ನ ಕೈ ತನ್ನ ಪಾಡಿಗೆ ತಿರುಗಿಸುತ್ತಿರುತ್ತದೆ. ಕಣ್ಣು ಹಂಚಿನ ಕಡೆ, ಕಿವಿ ಬಾಗಿಲ ಕಡೆ, ಬಾಯಲ್ಲಿ ಯಾರದೋ ಲೆಕ್ಕ. ಮೊನ್ನೆ ಅದು ಗಮನಕ್ಕೆ ಬಂದು "ಅರೇ, ಇದೇ ಮುಶಿನ್ ಅಲ್ವಾ" ಅಂತ ನನ್ನ ಕೈಯನ್ನೇ ನೋಡಿದೆ. ರೊಟ್ಟಿ ಹರಿದು ಎರಡಾಯಿತು. ಸಹಾಯದ ಹುಡುಗಿ ಇನ್ನೂ ನಗುತ್ತಿದ್ದಾಳೆ.

ನಿನ್ನೆ ಕುಮಿತೆಯಲ್ಲಿ ಅದೇ ಹುಡುಗಿ. ಗುಡ್ಡ ನೋಡಿದ ಹಾಗೆ ನೋಡಿದೆ, ನನಗೆ ಗುಡ್ಡ ಅಂದರೆ ಬಾದಾಮಿಯದು. ಅವಳ ಗ್ಯಾಕು ಜುಕಿ ತಡೆದು ತಿರುಗಿ ಹೊಡೆದೆ. ಹೇಗೆ ಅಂತ ಗೊತ್ತಿಲ್ಲ. ಸಂಭ್ರಮದಲ್ಲಿ ಮಗಳ ಕಡೆ ತಿರುಗಿದೆ. ಸರ್ ಇನ್ನೂ "ಯಾಮೆ" (ನಿಲ್ಲಿಸಿ) ಅಂದಿರಲಿಲ್ಲ. ಮವಾಶಿ ಗೇರಿ ಬಂದು ಕಿವಿ ಪಕ್ಕ ನಿಂತಿತು.

ಕೌದಿ ಮೇಲೆ ಕೂತವ, ಬೆಳಗಾವಿ

ಅದಕ್ಕೂ ಹೆಸರಿದೆ ಅಕ್ಕಾ. ಜಾನ್‌ಶಿನ್. ಹೊಡೆದಾದ ಮೇಲೂ ಅಲ್ಲೇ ಉಳಿಯುವ ಮನಸ್ಸು.

ರೊಟ್ಟಿ ಅಕ್ಕ, ಬಾಗಲಕೋಟೆ

ಹೆಸರು ಸಾಕು ಮಾರಾಯರೇ. ಇನ್ನೂ 180 ರೊಟ್ಟಿ ಬಾಕಿ ಇವೆ.