ಲ್ಯಾಪ್‌ಟಾಪ್ ಪರದೆ ಸರಿ ಇದೆ, ಎಚ್‌ಡಿಎಂಐ ಮಾನಿಟರ್ ಮಾತ್ರ ಕಪ್ಪು: ಕೋಡ್ 43

ಪ್ರಶ್ನೆ (ಕಾರವಾರ): ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್, ಇಂಟೆಲ್ ಯುಎಚ್‌ಡಿ ಜೊತೆ ಎನ್ವಿಡಿಯಾ ಜಿಟಿಎಕ್ಸ್ 1650, ವಿಂಡೋಸ್ 11. ಒಂದು ವಾರದಿಂದ ಎಚ್‌ಡಿಎಂಐ ಮಾನಿಟರ್‌ನಲ್ಲಿ 'ನೋ ಸಿಗ್ನಲ್' ಅಂತಷ್ಟೇ ಬರುತ್ತಿದೆ. ಕೇಬಲ್ ಬದಲಿಸಿ ಆಯ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಎನ್ವಿಡಿಯಾ ಹೆಸರಿನ ಮೇಲೆ ಹಳದಿ ತ್ರಿಕೋನ, ಕೋಡ್ 43 (ಸಾಧನದಲ್ಲಿ ತೊಂದರೆ ಕಂಡು ವಿಂಡೋಸ್ ಅದನ್ನು ನಿಲ್ಲಿಸಿದೆ ಎಂಬ ಸೂಚನೆ). ಹಳೆಯದರ ಮೇಲೆಯೇ ಎರಡು ಸಲ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಹಾಕಿದೆ. ಉಪ್ಪುಗಾಳಿಗೆ ಬೋರ್ಡ್ ಹೋಗಿರಬೇಕು ಅಂತಾರೆ. ಹೌದಾ?

ಉತ್ತರ (ಶಿರಸಿ): ಅಷ್ಟು ಬೇಗ ಬೋರ್ಡ್‌ಗೆ ಕೈಹಾಕಬೇಡಿ. ಇಂಥ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಪರದೆಯ ತಂತಿ ಇಂಟೆಲ್ ಚಿಪ್‌ಗೆ ಸೇರಿರುತ್ತದೆ. ಎನ್ವಿಡಿಯಾ ಚಿತ್ರ ತಯಾರಿಸಿ ಇಂಟೆಲ್ ಕೈಗೆ ಕೊಡುತ್ತದೆ, ತೋರಿಸುವುದು ಇಂಟೆಲ್. ಆದರೆ ಹಲವು ಗೇಮಿಂಗ್ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ ನೇರ ಎನ್ವಿಡಿಯಾಕ್ಕೆ ಸೇರಿರುತ್ತದೆ. ಎನ್ವಿಡಿಯಾ ಡ್ರೈವರ್ ಏಳದಿದ್ದರೆ ಒಳಪರದೆ ಉಳಿದು ಹೊರಗಿನದು ಸಾಯುವುದು ಅದಕ್ಕೇ. ನಿಮ್ಮ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಮೊದಲು ಪೂರ್ತಿ ಶಟ್‌ಡೌನ್ ಮಾಡಿ (ಶಿಫ್ಟ್ ಒತ್ತಿಕೊಂಡೇ), ಚಾರ್ಜರ್ ಕಳಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಜಡವಾಗಿ ಕೂತ ಚಿಪ್ ಕೆಲವೊಮ್ಮೆ ಇಷ್ಟಕ್ಕೇ ಎದ್ದುಬಿಡುತ್ತದೆ.

ಆಗದಿದ್ದರೆ ಡ್ರೈವರ್ ಬುಡಸಮೇತ ತೆಗೆಯಬೇಕು. ಹಳೆಯದರ ಮೇಲೆ ಹೊಸದು ಹಾಕಿದಾಗ ಎರಡು ಆವೃತ್ತಿಯ ಫೈಲುಗಳು ಕಲಸಿಕೊಂಡಿರಬಹುದು. ಇಂಟೆಲ್ ಡ್ರೈವರ್ ಅನ್ನು ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ, 1650ರದ್ದನ್ನು ಎನ್ವಿಡಿಯಾ ತಾಣದಿಂದ, ಜೊತೆಗೆ ಡಿಡಿಯು ಎಂಬ ಅಳಿಸುವ ಸಾಧನವನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಆಮೇಲೆ ವೈಫೈ ಆಫ್. ನೆಟ್ ಇದ್ದರೆ ನೀವು ಅಳಿಸಿ ಮುಗಿಸುವಷ್ಟರಲ್ಲಿ ವಿಂಡೋಸ್ ತನ್ನದೇ ಡ್ರೈವರ್ ತಂದು ಕೂರಿಸುತ್ತದೆ. ಸೇಫ್ ಮೋಡ್‌ನಲ್ಲಿ (ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ಇರುವ ವಿಂಡೋಸ್ ಸ್ಥಿತಿ) ಡಿಡಿಯು ಓಡಿಸಿ ಎನ್ವಿಡಿಯಾ, ಇಂಟೆಲ್ ಎರಡನ್ನೂ ತೆಗೆಯಿರಿ. ಮರಳಿ ಹಾಕುವಾಗ ಇಂಟೆಲ್ ಮೊದಲು, ರೀಸ್ಟಾರ್ಟ್, ನಂತರ ಎನ್ವಿಡಿಯಾ.

ಉತ್ತರ (ಕುಮಟಾ): ಒಂದು ಮಾತು ಸೇರಿಸುತ್ತೇನೆ. ಸೇಫ್ ಮೋಡ್‌ಗೆ ಹೋಗುವ ಮೊದಲು ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಅಲ್ಲಿ ಕೇಳಿದರೆ ಬೇರೆ ದಾರಿಯಿಲ್ಲ. ಡ್ರೈವರ್ ಕೂರುವಾಗ ಪರದೆ ಕೆಲವು ಸೆಕೆಂಡ್ ಕಪ್ಪಾಗಿ, ಮಿನುಗಿ, ಮತ್ತೆ ಬರುತ್ತದೆ. ಗಾಬರಿಯಲ್ಲಿ ಪವರ್ ಬಟನ್ ಒತ್ತಿದರೆ ಅರ್ಧ ಕೂತ ಡ್ರೈವರ್ ಉಳಿದು ಮತ್ತೆ ಮೊದಲಿಂದ ಶುರು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೋ, ಬ್ಯಾಟರಿ ತುಂಬಿಸಿಕೊಂಡೇ ಕೂರಿ.

ಪ್ರಶ್ನೆ (ಕಾರವಾರ): ಬಟನ್ ಒತ್ತಿ ಹಿಡಿದದ್ದರಿಂದ ಆಗಲಿಲ್ಲ. ಡಿಡಿಯು ಆದಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಬರೀ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಇದೆ. ಅಕ್ಷರ ದಪ್ಪ ದಪ್ಪ. ಕೆಟ್ಟಿತಾ?

ಉತ್ತರ (ಶಿರಸಿ): ಇಲ್ಲ, ಹಾಗೇ ಬರಬೇಕು. ಡ್ರೈವರ್ ಇಲ್ಲದಾಗ ವಿಂಡೋಸ್ ಬಳಸುವ ತಾತ್ಕಾಲಿಕ ವ್ಯವಸ್ಥೆ ಅದು. ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಯಲ್ಲಿ ವೆನ್ (VEN, ಅಂದರೆ ತಯಾರಕ ಕಂಪನಿ) ಆದಮೇಲಿನ ಗುರುತು ನೋಡಿ: 8086 ಇಂಟೆಲ್, 10ಡಿಇ ಎನ್ವಿಡಿಯಾ. ಎರಡೂ ಕಂಡರೆ ಎರಡೂ ಚಿಪ್ ವಿಂಡೋಸ್‌ಗೆ ಗುರುತು ಸಿಗುತ್ತಿವೆ ಎಂದರ್ಥ. 10ಡಿಇ ಎಲ್ಲೂ ಇಲ್ಲದಿದ್ದರೆ ಮಾತ್ರ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಬೋರ್ಡ್‌ನ ತಂತ್ರಾಂಶ) ಸೆಟ್ಟಿಂಗ್ ನೋಡಿ, ಆಮೇಲೆ ಬೋರ್ಡ್.

ಪ್ರಶ್ನೆ (ಕಾರವಾರ): ಎರಡೂ ಕಂಡವು. ಇಂಟೆಲ್, ರೀಸ್ಟಾರ್ಟ್, ಎನ್ವಿಡಿಯಾ. ತ್ರಿಕೋನ ಹೋಯಿತು, ಮಾನಿಟರ್ ಬಂತು. ಆದರೆ ಬ್ಲೆಂಡರ್ (3ಡಿ ಚಿತ್ರ ಮಾಡುವ ತಂತ್ರಾಂಶ) ಇನ್ನೂ ನಿಧಾನ.

ಉತ್ತರ (ಕುಮಟಾ): ಬ್ಲೆಂಡರ್‌ನ ಪ್ರಿಫರೆನ್ಸಸ್, ಸಿಸ್ಟಮ್‌ನಲ್ಲಿ 'ಕುಡಾ' (CUDA, ಎನ್ವಿಡಿಯಾ ಚಿಪ್‌ನಿಂದ ಲೆಕ್ಕ ಮಾಡಿಸುವ ವ್ಯವಸ್ಥೆ) ಆರಿಸಿ 1650ಕ್ಕೆ ಟಿಕ್ ಹಾಕಿ. ಸೀನ್‌ನ ರೆಂಡರ್ ವಿಭಾಗದಲ್ಲೂ ಡಿವೈಸ್ ಅನ್ನು ಜಿಪಿಯುಗೆ (ಗ್ರಾಫಿಕ್ಸ್ ಚಿಪ್) ಬದಲಿಸಬೇಕು, ಅದನ್ನು ಮರೆತರೆ ಪ್ರೊಸೆಸರ್ ಒಂದೇ ದುಡಿಯುತ್ತಿರುತ್ತದೆ. ರೆಂಡರ್ ಮಾಡುವಾಗ ಚಾರ್ಜರ್ ಹಾಕಿರಲಿ, ಬ್ಯಾಟರಿಯಲ್ಲಿ ಚಿಪ್‌ಗೆ ಪೂರ್ತಿ ವಿದ್ಯುತ್ ಸಿಗುವುದಿಲ್ಲ.