ಟೈಟಲ್ ಪೇಜ್ ಮಾಡೋದು ಹೇಗೆ? ಎಂಟರ್ ಒತ್ತಿ ಒತ್ತಿ ಸಾಕಾಯಿತು

ತೋಟದ ರೈಟರ್:
ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಕಥೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಪಟ್ಟಿ ಅಂದರೆ ಚೆಕ್‌ರೋಲ್ ಬರೆಯುವ ರೈಟರ್. ಆದರೂ ಈ ಮಳೆಗಾಲದಲ್ಲಿ ಕರೆಂಟ್ ಇದ್ದ ಸಂಜೆಗಳಲ್ಲಿ ಕೂತು ಒಂದು ಕಿರುಚಿತ್ರದ ಸ್ಕ್ರಿಪ್ಟ್ ಮುಗಿಸಿದ್ದೇನೆ. ಹೆಸರು 'ಪಲ್ಪರ್', ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮೆಷಿನ್ ಇದೆಯಲ್ಲ, ಅದು. 14 ಪುಟ. ಫೌಂಟನ್ ಫೈಲಿನಲ್ಲಿ, ಅಂದರೆ ಸ್ಕ್ರಿಪ್ಟನ್ನು ಬರೀ ಟೆಕ್ಸ್ಟಾಗಿ ಬರೆಯುವ ಫಾರ್ಮ್ಯಾಟಿನಲ್ಲಿ ಬರೆದಿದ್ದು.

ತೊಂದರೆ ಇರೋದು ಮೊದಲ ಪುಟದ್ದು. ಹೆಸರು ನಡುವೆ ಬರಲಿ ಅಂತ ಹದಿನೆಂಟು ಸಲ ಎಂಟರ್ ಒತ್ತಿದೆ, ಸ್ಪೇಸ್ ಬಾರ್ ಕುಟ್ಟಿದೆ. ಪಿಡಿಎಫ್ ಮಾಡಿದರೆ ಹೆಸರು ಎಡಕ್ಕೆ ವಾಲಿದೆ, ಅದರ ಬುಡದಲ್ಲೇ ಮೊದಲ ಸೀನ್ ಶುರು. ಆಮೇಲೆ ಯಾರೋ ಹೇಳಿದರು ಅಂತ 'ಶೀರ್ಷಿಕೆ' ಎಂದು ಬರೆದು ಕೋಲನ್ ಹಾಕಿದೆ. ಅದೂ ಆಗಲಿಲ್ಲ. ತಲೆಯ ಮೇಲೆ 'ಶ್ರೀ ಹಾಸನಾಂಬಾ ಪ್ರಸನ್ನ' ಅಂತಲೂ ಹಾಕಿದ್ದೇನೆ, ತಪ್ಪಾ? ನಾಡಿದ್ದು ಹಾಸನಕ್ಕೆ ಹೋಗಿ ಪ್ರಿಂಟ್ ತೆಗೆಸಬೇಕು.

ಬಿ.ಎಂ. ರಸ್ತೆ:
ರೈಟರ್ ಸಾರ್, ಮೊದಲು ಆ ಹದಿನೆಂಟು ಎಂಟರ್ ಅಳಿಸಿ. ಟೈಟಲ್ ಪೇಜ್ ಸ್ಕ್ರಿಪ್ಟಿನ ಒಳಗಿನ ಪುಟ ಅಲ್ಲ. ಫೈನಲ್ ಡ್ರಾಫ್ಟ್ ಅನ್ನೋ ಸ್ಕ್ರಿಪ್ಟ್ ಸಾಫ್ಟ್‌ವೇರಿನಲ್ಲಿ ಅದಕ್ಕೆ ಬೇರೆಯದೇ ಜಾಗ ಇದೆ. ಫೌಂಟನ್‌ನಲ್ಲಿ ಫೈಲಿನ ತಲೆಯಲ್ಲೇ, ಮೇಲೆ ಒಂದು ಸಾಲೂ ಖಾಲಿ ಬಿಡದೆ ಬರೆಯಬೇಕು. ಟೈಟಲ್, ಕ್ರೆಡಿಟ್, ಆಥರ್, ಡ್ರಾಫ್ಟ್ ಡೇಟ್, ಕಾಂಟ್ಯಾಕ್ಟ್, ಒಂದೊಂದಕ್ಕೂ ಒಂದು ಸಾಲು, ಪದ ಆದ ಕೂಡಲೇ ಕೋಲನ್. ಈ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ, ನಿಮ್ಮ 'ಶೀರ್ಷಿಕೆ' ಕೈಕೊಟ್ಟಿದ್ದು ಅದಕ್ಕೇ. ಕೋಲನ್ ಮುಂದೆ ಕನ್ನಡ ಧಾರಾಳವಾಗಿ ಬರೆಯಬಹುದು. ವಿಳಾಸ, ಫೋನ್ ಅಂತ ಎರಡು ಮೂರು ಸಾಲು ಬೇಕಿದ್ದರೆ ಕಾಂಟ್ಯಾಕ್ಟ್ ಕೆಳಗೆ ಪ್ರತಿ ಸಾಲನ್ನೂ ಮೂರು ಸ್ಪೇಸ್ ಒಳಗೆ ತಳ್ಳಿ. ಎಲ್ಲ ಮುಗಿದ ಮೇಲೆ ಒಂದು ಖಾಲಿ ಸಾಲು. ಅಲ್ಲಿಂದ ಸ್ಕ್ರಿಪ್ಟ್, ತಾನಾಗಿ ಹೊಸ ಪುಟದಲ್ಲಿ.

ಇನ್ನೊಂದು ಮಾತು. ಸೆಟ್ಟಿಂಗ್ಸಿನಲ್ಲಿ ಪೇಪರ್ ಸೈಜ್ ನೋಡಿಕೊಳ್ಳಿ. ಎಷ್ಟೋ ಸಲ ಅಮೆರಿಕದ ಲೆಟರ್ ಸೈಜ್ ಇರುತ್ತದೆ, ನಮ್ಮಲ್ಲಿ ಎಲ್ಲಾ ಎ4. ಅಂಗಡಿ ಹುಡುಗ 'ಫಿಟ್ ಮಾಡ್ಲಾ ಅಣ್ಣಾ' ಅಂತಾನೆ, ನಾವೂ ಹೂಂ ಅಂತೀವಿ, ಅಕ್ಷರ ಸಣ್ಣಗಾಗಿ ಮೇಲೆ ಕೆಳಗೆ ಖಾಲಿ ಬಿದ್ದಿರುತ್ತದೆ. ನನಗೆ ಎರಡು ಸಲ ಆಗಿದೆ.

ಕಡೂರು ಕಾಯಿ:
ಶ್ರೀ ತೆಗೆದುಬಿಡಿ. ಲಗ್ನಪತ್ರಿಕೆ ಥರ ಕಾಣುತ್ತದೆ. ಹೆಸರು, 'ಬರೆದವರು', ನಿಮ್ಮ ಹೆಸರು, ಕೆಳಗಡೆ ಫೋನ್ ಮತ್ತು ಇಮೇಲ್. ಅಷ್ಟು ಸಾಕು. ಬಾರ್ಡರ್, ಫೋಟೋ, ಹೂಬಳ್ಳಿ ಏನೂ ಬೇಡ.

ಬಿ.ಎಂ. ರಸ್ತೆ:
ಅಷ್ಟಕ್ಕೆಲ್ಲ ಸ್ಕ್ರಿಪ್ಟ್ ಯಾರೂ ವಾಪಸ್ ಕಳಿಸಲ್ಲ ಬಿಡಿ. ಸ್ಪರ್ಧೆಗೆ ಕಳಿಸುವ ಪ್ರತಿಯಲ್ಲಿ ಬೇಡ, ಮನೆ ಪ್ರತಿಯಲ್ಲಿ ಇರಲಿ. ಅಲ್ಲಿ ಹಾಸನಾಂಬೆಯ ಹೆಸರಿದ್ದರೆ ಯಾರಿಗೇನು ನಷ್ಟ? ಅಂದಹಾಗೆ, ಕೆಲವು ಸ್ಪರ್ಧೆಗಳಲ್ಲಿ ಬರೆದವರ ಹೆಸರೇ ಇರಬಾರದು. ನಿಯಮ ಒಮ್ಮೆ ಓದಿ.

ತೋಟದ ರೈಟರ್:
ಪುಟ ಕೂತಿತು! ಆದರೆ ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದಿದೆ. ಲ ಕೆಳಗೆ ಪ ಒತ್ತು ಬರುವ ಬದಲು 'ಪಲ್‌ಪರ್' ಅಂತ ಬಿಡಿಬಿಡಿಯಾಗಿದೆ. ಸಿನಿಮಾ ಹೆಸರೇ ಹೀಗಾದರೆ?

ಮಲ್ಲಂದೂರು ರಸ್ತೆ:
ಸ್ಕ್ರಿಪ್ಟಿಗೆ ಸಾಮಾನ್ಯವಾಗಿ ಬಳಸುವ ಕೊರಿಯರ್ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ ಹಾಕಿ. ಆಗಲೂ ಒಡೆದರೆ ತಪ್ಪು ಫಾಂಟಿನದಲ್ಲ, ಪಿಡಿಎಫ್ ಮಾಡುವ ಆ್ಯಪಿಗೆ ಒತ್ತು ಕೂಡಿಸಲು ಬರುತ್ತಿಲ್ಲ. ಫೌಂಟನ್ ಅಂದರೆ ಬರೀ ಟೆಕ್ಸ್ಟ್ ತಾನೇ, ಅದೇ ಫೈಲನ್ನು ಬೇರೆ ಆ್ಯಪಿನಲ್ಲಿ ತೆರೆದು ಎಕ್ಸ್‌ಪೋರ್ಟ್ ಮಾಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಲ್ಲ ಅಲ್ವಾ? ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಾಯಿಸಿ.

ತೋಟದ ರೈಟರ್:
ಯೂನಿಕೋಡೇ. ಬೇರೆ ಆ್ಯಪಿನಲ್ಲಿ ತೆರೆದೆ, ಒತ್ತು ಸರಿಯಾಗಿ ಲ ಕೆಳಗೇ ಕೂತಿದೆ. ಪೇಪರ್ ಸೈಜೂ ಲೆಟರ್ ಇತ್ತು, ಎ4 ಮಾಡಿದೆ. ಇವತ್ತು ಬೆಳಿಗ್ಗೆ ಪ್ರಿಂಟ್ ತಂದು ಆಫೀಸ್ ಮೇಜಿನ ಮೇಲೆ ಇಟ್ಟಿದ್ದೆ. ಸಾಹುಕಾರರು ಎತ್ತಿಕೊಂಡು 'ಪಲ್ಪರ್' ಅಂತ ಓದಿ, 'ರಿಪೇರಿ ಎಸ್ಟಿಮೇಟಾ ಇದು?' ಅಂದರು.