ದೂರಿನ ಅರ್ಧ ಭಾಗ ತೆಗೆಸಿಕೊಂಡು ಬನ್ನಿ ಅಂತ ಸ್ಟೇಷನ್‌ನವರೇ ಹೇಳಿದರೆ ಏನು ಮಾಡೋದು?

ಕೇಳಿದವರು: ಡಿಟಿಪಿ ಅಕ್ಕ, ತುಮಕೂರು ಜಿಲ್ಲೆ

ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ನಂದೊಂದು ಜೆರಾಕ್ಸ್, ಡಿಟಿಪಿ ಅಂಗಡಿ. ಯಾವ ತಾಲ್ಲೂಕು ಅಂತ ಬರೆಯಲ್ಲ, ಯಾಕೆ ಅಂತ ಓದಿದ್ರೆ ನಿಮಗೇ ಗೊತ್ತಾಗುತ್ತೆ. ಪೌತಿ ಖಾತೆ, ಪಹಣಿ ತಿದ್ದುಪಡಿ, ಪೋಡಿ, ವಿಧವಾ ವೇತನ, ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಅನ್ನೋ ಅರ್ಜಿ, ಬೆಳಿಗ್ಗೆಯಿಂದ ಸಂಜೆವರೆಗೆ ಇವನ್ನೇ ಟೈಪ್ ಮಾಡ್ತಿರ್ತೀನಿ. ಯಾವ ಟೇಬಲ್‌ಗೆ ಎಷ್ಟು ಅನ್ನೋದು ಅರ್ಜಿ ಹಾಕೋರಿಗಿಂತ ಮೊದಲು ನಮ್ಮ ಸಾಲಿನ ಅಂಗಡಿಯವರಿಗೆ ಗೊತ್ತಿರುತ್ತೆ. ಜನ ಶಾಪ ಹಾಕ್ಕೊಂಡೇ ಕೊಡ್ತಾರೆ, ಕೊಟ್ಟು ಬಂದು ನನ್ನ ಅಂಗಡೀಲಿ ಕೂತು ನೀರು ಕುಡಿದು ಹೋಗ್ತಾರೆ. ಅದನ್ನೆಲ್ಲ ನೋಡಿ ನೋಡಿ ಅಭ್ಯಾಸ ಆಗಿದೆ ಅನ್ನಿ.

ಇವತ್ತಿಂದು ಹಾಗಲ್ಲ. ಬೆಳಿಗ್ಗೆ ಒಬ್ಬ ಹೆಣ್ಣುಮಗಳು ನಾದಿನಿ ಜೊತೆ ಬಂದ್ಲು. ಮೂವತ್ತರ ಆಸುಪಾಸು, ಗಾರ್ಮೆಂಟ್ಸ್ ಕೆಲಸ. ಮೊನ್ನೆ ರಾತ್ರಿ ಊರಿನವನೊಬ್ಬ ಆಕೆ ಮೇಲೆ ಅತ್ಯಾಚಾರ ಮಾಡಿದ್ದಾನೆ. ಗಿರಾಕಿಗಳನ್ನ ಕಳಿಸಿ, ಶಟರ್ ಅರ್ಧ ಇಳಿಸಿ, ಆಕೆ ಹೇಳಿದ್ದನ್ನ ಹೇಳಿದ ಹಾಗೇ ಟೈಪ್ ಮಾಡಿದೆ. ಎರಡು ಪುಟ ಆಯ್ತು. ತೆಗೊಂಡು ಸ್ಟೇಷನ್‌ಗೆ ಹೋದರು.

ಸಂಜೆ ಅದೇ ಹಾಳೆ ಹಿಡ್ಕೊಂಡು ವಾಪಸ್. ರೈಟರ್ (ದೂರು ಬರೆದುಕೊಳ್ಳೋ ಪೊಲೀಸ್) ಓದಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಾರೆ. ಎರಡನೇ ಪುಟದ ಮೇಲ್ಭಾಗ ಪೂರ್ತಿ ಅಡ್ಡಗೆರೆ, ಅಂಚಿನಲ್ಲಿ ‘ಬೇಡ’ ಅಂತ ಬರೆದಿದೆ. ಮುಖ್ಯವಾದ ವಿಷಯ ಇರೋದೇ ಆ ಜಾಗದಲ್ಲಿ. ‘ಜಗಳ ತೆಗೆದು ಎಳೆದಾಡಿದ ಅಂತಷ್ಟೇ ಬರೆಸ್ಕೊಂಡು ಬನ್ನಿ, ಎನ್‌ಸಿಆರ್ ಮಾಡಿ ಅವನನ್ನ ಕರೆಸಿ ಬುದ್ಧಿ ಹೇಳ್ತೀವಿ. ಕೇಸು ಗೀಸು ಅಂತ ಹೋದ್ರೆ ಮರ್ಯಾದೆ ಹೋಗೋದು ನಿಮ್ಮದೇ’ ಅಂದರಂತೆ. ಮೆಡಿಕಲ್ ಮಾಡಿಸಲೇಬೇಕು ಅಂದ್ರೆ ಜೀಪಿಗೆ ಡೀಸೆಲ್ ನೀವೇ ಹಾಕಿಸಬೇಕಂತೆ. ಅವನು ಊರಲ್ಲಿ ಕಾಸುಳ್ಳವರ ಮನೆಯವನು. ಈಕೆಗಿಂತ ಮೊದಲೇ ಅವರ ಕಡೆಯೋರು ಸ್ಟೇಷನ್ ಮುಟ್ಟಿದ್ದಾರೆ ಅನ್ನೋದು ಕೇಳದೇ ಗೊತ್ತಾಗೋ ಸಂಗತಿ.

ನಾನು ಎರಡನೇ ದೂರು ಟೈಪ್ ಮಾಡಿಲ್ಲ. ಕರೆಂಟ್ ಇಲ್ಲ, ನಾಳೆ ಬನ್ನಿ ಅಂದೆ. (ನಮ್ಮೂರಲ್ಲಿ ಕರೆಂಟ್ ಇಲ್ಲ ಅಂದ್ರೆ ಯಾರೂ ಅನುಮಾನ ಪಡಲ್ಲ.) ಬೆಳಿಗ್ಗೆ ಬರ್ತಾರೆ. ‘ಈಗ ಸಣ್ಣದಾಗಿ ಕೊಡೋಣ, ಮುಂದೆ ಕೋರ್ಟಲ್ಲಿ ಎಲ್ಲಾ ಹೇಳಿದ್ರಾಯ್ತು’ ಅಂತ ಆಕೆ ಗಂಡನ ವಾದ. ಹಾಗೆ ಮಾಡಬಹುದಾ? ಮೊದಲನೇ ದೂರನ್ನೇ ತಗೊಳ್ಳಿ ಅನ್ನೋಕೆ ಏನು ತೋರಿಸಬೇಕು? ದಯವಿಟ್ಟು ಯಾರೂ ಊರು ಯಾವುದು, ಯಾರ ಪೈಕಿ ಅಂತ ಕೇಳಬೇಡಿ.

ಉತ್ತರ: ಕಲ್ಪತರು ನಾಡಿನವ

ಅಕ್ಕ, ನಿಮ್ಮ ಧೈರ್ಯ ದೊಡ್ಡದು, ಆದ್ರೆ ಏನೂ ಆಗಲ್ಲ. 2025ರ ಜನವರಿ ನೆನಪಿಲ್ವಾ? ಜಮೀನು ವ್ಯಾಜ್ಯದ ದೂರು ಹಿಡ್ಕೊಂಡು ಬಂದ ಹೆಂಗಸಿನ ಜೊತೆ ಕಚೇರಿಯೊಳಗೇ ಅಸಭ್ಯವಾಗಿ ನಡ್ಕೊಂಡ ಆರೋಪದ ಮೇಲೆ ಮಧುಗಿರಿ ಡಿವೈಎಸ್ಪಿನೇ ಅರೆಸ್ಟ್ ಆದರು. ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು, ಅದಕ್ಕೆ ಆಯ್ತು. ಆಗ ಗೃಹ ಸಚಿವರು ಯಾರು? ಪರಮೇಶ್ವರ್ ಅವರು, ಪಕ್ಕದ ಕೊರಟಗೆರೆ ಶಾಸಕರು, ನಮ್ಮ ಜಿಲ್ಲೆಯ ಉಸ್ತುವಾರಿಯೂ ಅವರೇ. ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಯಲ್ಲಿ ನಡೆದ ಕಿರುಕುಳದ ಬಗ್ಗೆ ಕೇಳಿದ್ರೆ, ಅಷ್ಟು ದೊಡ್ಡ ಊರಲ್ಲಿ ಅಲ್ಲೊಂದು ಇಲ್ಲೊಂದು ಆಗ್ತಿರುತ್ತೆ ಅನ್ನೋ ಧಾಟಿಯಲ್ಲಿ ಮಾತಾಡಿದರು. ಬೈಗುಳ ಬಿದ್ದ ಮೇಲೆ ವಿಷಾದ. ಇವರಲ್ಲ, ಯಾವ ಪಕ್ಷದವರು ಬಂದ್ರೂ ಇದೇ ಹಾಡು. ಕೊನೆಗೆ ಊರ ಹಿರಿಯರು ಕೂತು ರಾಜಿ ಮಾಡಿಸ್ತಾರೆ ನೋಡ್ತಿರಿ.

ಉತ್ತರ: ನಿವೃತ್ತ ಗುಮಾಸ್ತ

ಡಿಟಿಪಿ ತಾಯಿ, ಎಷ್ಟೋ ವರ್ಷ ಕೋರ್ಟಿನಲ್ಲಿ ಫೈಲು ಕಟ್ಟಿದವನು ನಾನು. ಮೊದಲು ಗಂಡನ ವಾದಕ್ಕೆ ಉತ್ತರ ಕೊಡ್ತೀನಿ, ಹೆಚ್ಚು ಜನ ಕೆಡೋದು ಅಲ್ಲೇ.

ದೂರಿನಲ್ಲಿ ಇಲ್ಲದ ಮಾತನ್ನ ಆಮೇಲೆ ಕಟಕಟೆಯಲ್ಲಿ ಹೇಳಿದರೆ ಎದುರು ವಕೀಲರು ಮೊದಲು ಹಿಡಿಯೋದು ಅದನ್ನೇ. ‘ದೂರು ಕೊಟ್ಟ ದಿನ ಇದನ್ನ ಹೇಳಿಲ್ಲ ಅಲ್ವಾ? ಯಾರು ಹೇಳಿಕೊಟ್ಟರು?’ ಪಾಟೀಸವಾಲಿನಲ್ಲಿ ಈ ಪ್ರಶ್ನೆಗೆ ತಡವರಿಸಿ ಅಳುತ್ತಾ ಇಳಿದು ಹೋದವರನ್ನ ನೋಡಿದ್ದೇನೆ. ಸ್ಟೇಷನ್‌ನಲ್ಲಿ ಪೆನ್ಸಿಲ್‌ನಿಂದ ಹೊಡೆದ ಆ ಗೆರೆಯ ಬೆಲೆ ಗೊತ್ತಾಗೋದು ವರ್ಷಗಳಾದ ಮೇಲೆ, ತೀರ್ಪಿನ ದಿನ. ರೈಟರ್‌ಗೆ ಅದು ಚೆನ್ನಾಗಿ ಗೊತ್ತು. ಡೀಸೆಲ್ ದುಡ್ಡೆಲ್ಲ ಅದರ ಮುಂದೆ ಚಿಲ್ಲರೆ.

ಎನ್‌ಸಿಆರ್ ಅಂದರೆ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ತನಿಖೆಯನ್ನೇ ಮಾಡದ ಸಣ್ಣಪುಟ್ಟ ಅಪರಾಧದ ಚೀಟಿ. ಇದಕ್ಕೆ ಅದು ಅಲ್ಲವೇ ಅಲ್ಲ. ಇಂಥ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿಯಾಗಿದೆ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲು ಬಂದಿರೋ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೋಡಿ. ಹೇಳಿಕೆ ಬರೆದುಕೊಳ್ಳಬೇಕಾದ್ದು ಮಹಿಳಾ ಅಧಿಕಾರಿ, ಎಫ್‌ಐಆರ್ ಪ್ರತಿ ಪುಕ್ಕಟೆ, ಯಾವ ಸ್ಟೇಷನ್‌ನಲ್ಲಿ ಕೊಟ್ಟರೂ ತಗೋಬೇಕು. ನಿಮ್ಮ ಸ್ಟೇಷನ್ ಬೇಡ ಅನ್ನಿಸಿದರೆ ತುಮಕೂರಿನ ಮಹಿಳಾ ಠಾಣೆಗೆ ಹೋಗಬಹುದು. ಲೈಂಗಿಕ ಅಪರಾಧದ ದೂರು ಬರೆದುಕೊಳ್ಳದ ಅಧಿಕಾರಿಗೆ, ಐಪಿಸಿ ಬದಲು ಬಂದಿರೋ ನ್ಯಾಯ ಸಂಹಿತೆ 199ನೇ ಕಲಂನಲ್ಲಿ ಆರು ತಿಂಗಳಿಗೆ ಕಮ್ಮಿಯಿಲ್ಲದ, ಎರಡು ವರ್ಷದವರೆಗಿನ ಕಠಿಣ ಸಜೆ. ದೂರಿನ ಕೊನೆಯಲ್ಲಿ ಆ ಕಲಂ ಸಂಖ್ಯೆ ಟೈಪ್ ಮಾಡಿ. ಜೋರು ಮಾಡಬೇಡಿ, ಓದಿಕೊಳ್ಳಲಿ ಸಾಕು.

ಆಗಲೂ ತಗೊಳ್ಳದಿದ್ದರೆ ಎಸ್ಪಿಯವರಿಗೆ ಸ್ಪೀಡ್ ಪೋಸ್ಟ್. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಜೊತೆ ಅರ್ಜಿ. ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಇನ್ನೊಂದು. ಆ ಪೆನ್ಸಿಲ್ ಗೆರೆಯ ಹಾಳೆ ಯಾರ ಹತ್ತಿರ ಇದೆ? ರಬ್ಬರ್ ಹಾಕಬೇಡಿ, ಸ್ಕ್ಯಾನ್ ಮಾಡಿಡಿ. ಕಂಪ್ಯೂಟರಲ್ಲಿ ಮೊದಲನೇ ಫೈಲನ್ನ ಮತ್ತೆ ತೆಗೆದು ಸೇವ್ ಮಾಡಬೇಡಿ, ಅದರ ತಾರೀಕು, ವೇಳೆ ಹಾಗೇ ಇರಲಿ.

ಕಲ್ಪತರು ನಾಡಿನವರೇ, ಅತ್ಯಾಚಾರದ ಕೇಸು ರಾಜಿಯಾಗೋ ಕೇಸಲ್ಲ. 2015ರಲ್ಲಿ ಮದನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ಬಿಡಿಸಿ ಹೇಳಿದೆ. ಹಿರಿಯರು ಜಗಲಿ ಮೇಲೆ ಏನು ಬೇಕಾದರೂ ಮಾತಾಡಿಕೊಳ್ಳಲಿ.

ಉತ್ತರ: ವಾರ್ಡ್ ಸಿಸ್ಟರ್

ಅಕ್ಕ, ಇವರೆಲ್ಲ ಕಾಗದದ ಮಾತಾಡ್ತಿದ್ದಾರೆ. ಮೊನ್ನೆ ರಾತ್ರಿ ಅಂತ ಬರೆದಿದ್ದೀರ. ನಾಳೆ ಬೆಳಿಗ್ಗೆವರೆಗೆ ಕಾಯಬೇಡಿ, ಈಗಲೇ ಫೋನ್ ಮಾಡಿ ಕರ್ಕೊಂಡು ಹೋಗಿ. ಎಚ್‌ಐವಿ ಬರದ ಹಾಗೆ ಕೊಡೋ ಮಾತ್ರೆ 72 ಗಂಟೆ ಒಳಗೆ ಶುರುವಾಗಬೇಕು.

ಎಫ್‌ಐಆರ್ ಇಲ್ಲದೇ ಆಸ್ಪತ್ರೆಗೆ ಬರಬಹುದು, ಪೊಲೀಸ್ ಚೀಟಿ ಬೇಡ, ಜೀಪೂ ಬೇಡ. ಆಕೆ ಒಪ್ಪಿದರೆ ಡಾಕ್ಟರು ಪರೀಕ್ಷೆ ಮಾಡಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾಗೋ ಆಸ್ಪತ್ರೆ ದಾಖಲೆ) ಬರೀತಾರೆ, ಆಸ್ಪತ್ರೆಯೇ ಪೊಲೀಸರಿಗೆ ತಿಳಿಸುತ್ತೆ. ಆಮೇಲೆ ನಮಗೆ ಗೊತ್ತೇ ಇರಲಿಲ್ಲ ಅಂತ ಸ್ಟೇಷನ್‌ನವರು ಹೇಳೋ ಹಾಗಿಲ್ಲ. ಸರ್ಕಾರಿ ಆಗಲಿ, ಖಾಸಗಿ ಆಗಲಿ, ಚಿಕಿತ್ಸೆ ಉಚಿತ, ಇಲ್ಲ ಅಂದರೆ ಅದೂ ಅಪರಾಧ. ಎರಡು ಬೆರಳಿನ ಪರೀಕ್ಷೆ ಮಾಡೋ ಹಾಗೇ ಇಲ್ಲ, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟುನಿಟ್ಟಾಗಿ ಹೇಳಿದೆ. ಯಾರಾದ್ರೂ ಕೈ ಹಾಕಿದ್ರೆ ಬೇಡ ಅನ್ನಲಿ, ಪಕ್ಕದಲ್ಲಿ ನಾದಿನಿ ಇರಲಿ.

ಆವತ್ತು ಉಟ್ಟ ಬಟ್ಟೆ ಒಗೆದಿಲ್ಲ ಅಂದ್ರೆ ಒಗೆಯೋದು ಬೇಡ. ಪ್ಲಾಸ್ಟಿಕ್ ಕವರ್‌ಗೆ ತುಂಬಬೇಡಿ, ತೇವಕ್ಕೆ ಬೂಷ್ಟು ಬರುತ್ತೆ. ನಿಮ್ಮ ಅಂಗಡೀಲಿ ಕಂದು ಬಣ್ಣದ ದೊಡ್ಡ ಪೇಪರ್ ಕವರ್ ಇರುತ್ತಲ್ಲ, ಅದರಲ್ಲಿ ಹಾಕಿ. ಬಟ್ಟೆ ಏನು ಮಹಾ ಅನ್ನೋರಿಗೆ ಹೇಳಿ, ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ಆಯ್ತಲ್ಲ, ಆ ಕೇಸಲ್ಲಿ ಮನೆಗೆಲಸದಾಕೆಯ ಹಳೇ ಸೀರೆಯೇ ದೊಡ್ಡ ಸಾಕ್ಷಿ. ಮಾಜಿ ಪ್ರಧಾನಿಗಳ ಮೊಮ್ಮಗ ಆತ.

ಜಿಲ್ಲಾಸ್ಪತ್ರೆಯಲ್ಲಿ ‘ಸಖಿ’ ಕೇಂದ್ರ (ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವು ಕೊಡೋ ಜಾಗ) ಎಲ್ಲಿ ಅಂತ ಕೇಳಿ. ದಾರಿ ತಿಳಿಯದಿದ್ರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಡಿಟಿಪಿ ಅಕ್ಕ (ಮತ್ತೆ)

ರಾತ್ರಿಯೇ ನನ್ನ ತಮ್ಮನ ಕಾರಲ್ಲಿ ಹೋದ್ವಿ. ಮಾತ್ರೆ ಶುರುವಾಯ್ತು, ಪರೀಕ್ಷೆ ಆಯ್ತು. ಸಿಸ್ಟರ್, ನಿಮಗೆ ಪುಣ್ಯ ಬರಲಿ. ಪೇಪರ್ ಕವರ್ ನೋಡಿ ಅಲ್ಲಿನ ಲೇಡಿ ಡಾಕ್ಟರು ಯಾರು ಹೇಳಿದ್ದು ಅಂತ ಕೇಳಿದರು.

ಬೆಳಿಗ್ಗೆ ಸ್ಟೇಷನ್‌ಗೆ ನಾನೂ ಹೋದೆ. 199 ಓದಿದ ರೈಟರ್ ನನ್ನ ಮುಖ ನೋಡಿ, ‘ಅಂಗಡಿ ಲೈಸೆನ್ಸ್ ರಿನ್ಯೂವಲ್ ಯಾವಾಗ ಮೇಡಂ?’ ಅಂದರು. ಸಾಹೇಬ್ರು ಬಂದೋಬಸ್ತಿಗೆ ಹೋಗಿದ್ದಾರಂತೆ, ಬಂದ ಮೇಲೆ ನೋಡ್ತಾರಂತೆ. ನಾವು ಕಾಯಲಿಲ್ಲ, ಪೆನ್ಸಿಲ್ ಗೆರೆಯ ಪ್ರತಿ ಲಗತ್ತಿಸಿ ಎಸ್ಪಿಯವರಿಗೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಂಡಿದ್ದೀವಿ. ಗಂಡ ಈಗ ಸುಮ್ಮನಿದ್ದಾರೆ. ಒಪ್ಪಿದ್ದಾರೋ, ಸಿಟ್ಟಾಗಿದ್ದಾರೋ ತಿಳೀತಿಲ್ಲ.

ಡೀಸೆಲ್ ದುಡ್ಡು ಕೇಳಿದ್ದಕ್ಕೂ ಏನಾದ್ರೂ ಮಾಡಬಹುದಾ? ಅಫಿಡವಿಟ್ ಈಗಲೇ ರೆಡಿ ಮಾಡಿಡೋಣ ಅಂತಿದ್ದೀನಿ, ಎಷ್ಟು ರೂಪಾಯಿ ಛಾಪಾಕಾಗದ ಬೇಕು?

ನಿವೃತ್ತ ಗುಮಾಸ್ತ

ಕೋರ್ಟಿಗೇ ಹಾಕೋ ಅಫಿಡವಿಟ್‌ಗೆ ಛಾಪಾಕಾಗದ ಬೇಡ ತಾಯಿ, ಬಿಳಿ ಹಾಳೆ ಸಾಕು. ಬೇಕು ಅಂತ ಯಾರಾದರೂ ಅಂದರೆ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಮುಂದೆ ಹೇಳೋಕೆ ಹೇಳಿ.

ಡೀಸೆಲ್ ದುಡ್ಡು ಕೊಟ್ಟಿಲ್ಲ ತಾನೇ? ಕೊಡೋ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸೋದು ಒಳ್ಳೇದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವರ ಮೇಲೂ ಕೇಸಾಗುತ್ತೆ, ಬಲವಂತಕ್ಕೆ ಕೊಟ್ಟು ಏಳು ದಿನದೊಳಗೆ ದೂರಿದರೆ ಮಾತ್ರ ವಿನಾಯಿತಿ. ಲೈಸೆನ್ಸ್ ಮಾತಾಡಿದ್ದನ್ನೂ ತಾರೀಕು, ವೇಳೆ ಹಾಕಿ ಒಂದು ಕಡೆ ಬರೆದಿಡಿ. ಎಸ್ಪಿ ಕಚೇರಿಯಿಂದ ಸ್ವೀಕೃತಿ ಬಂದ ದಿನ ಇಲ್ಲಿ ತಿಳಿಸಿ, ಮ್ಯಾಜಿಸ್ಟ್ರೇಟರ ಅರ್ಜಿಯ ಒಕ್ಕಣೆ ಹೇಳ್ತೀನಿ.